ಗುಂಯ್ ಸದ್ದು ನಿಲ್ಲಿಸಲು ಅರ್ಥಿಂಗ್ ಕತ್ತರಿಸುವವರಿದ್ದಾರೆ, ಹುಷಾರು

ಸ್ಪೀಕರ್‌ನಿಂದ ಗುಂಯ್ ಅಂತ ಸದ್ದು ಬರುತ್ತಿದೆ ಅಂತ ಯಾರನ್ನಾದರೂ ರಿಪೇರಿಗೆ ಕರೆದರೆ, ಅವರು ಪ್ಲಗ್‌ಗೆ ಕೈ ಹಾಕುವಾಗ ಪಕ್ಕದಲ್ಲೇ ನಿಂತಿರಿ. ಸೋರಿದ ಕರೆಂಟನ್ನು ಭೂಮಿಗೆ ಸಾಗಿಸುವ ಆಂಪ್ಲಿಫೈಯರ್‌ನ ಅರ್ಥಿಂಗ್ ವೈರ್ ಕತ್ತರಿಸಿ, ‘ನೋಡಿ, ಸದ್ದು ಹೋಯ್ತು’ ಅಂತ ದುಡ್ಡು ಎಣಿಸಿಕೊಂಡು ಹೋಗುವವರಿದ್ದಾರೆ. ನಮ್ಮ ಮನೆಯಲ್ಲಿ ಆಗಿದ್ದು ಅದೇ. ಸದ್ದೇನೋ ನಿಜವಾಗಿಯೂ ಹೋಗುತ್ತೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ನಾವಿರುವುದು ಡೊಂಬಿವಲಿಯಲ್ಲಿ. ನಮ್ಮ ಮಾವ ಧಾರವಾಡದವರು. ಮುಂಬೈಗೆ ಬಂದು ಇಷ್ಟು ವರ್ಷವಾದರೂ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ರೆಕಾರ್ಡ್‌ಗಳನ್ನು ಬಿಟ್ಟವರಲ್ಲ. ಆಂಪ್ಲಿಫೈಯರ್ ಹಳೆಯದು, ಲೋಹದ ಮೈ, ಮೂರು ಪಿನ್ನಿನ ಪ್ಲಗ್. ಹಾಲ್‌ನಲ್ಲಿ ಹೊಸ ಶೋಕೇಸ್ ಮಾಡಿಸಿದಾಗ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದೆವು. ಟಿವಿ ಧ್ವನಿಯೂ ಇದರಲ್ಲೇ ಬರಲಿ ಅಂತ ಸೆಟ್ ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರ್‌ಗೆ ಒಂದು ಆಡಿಯೋ ವೈರನ್ನೂ ಎಳೆದೆವು. ಅಲ್ಲಿಂದ ಶುರುವಾಯಿತು ಗುಂಯ್. ರೆಕಾರ್ಡ್ ಹಾಕಿದಾಗಲಂತೂ ಜಾಸ್ತಿ. ಆಲಾಪದ ನಡುವೆ ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ಈ ಗುಂಯ್ ಬಂದು ಕೂರುತ್ತಿತ್ತು.

ಮುಂಬೈನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಗೆ ಹೋದೆವು. ಹೆಸರು ಬೇಡ. ಅದೇ ರಸ್ತೆಯಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಈ ಅಂಗಡಿಯವನು ಎಲ್ಲಾ ಕೇಳಿಸಿಕೊಂಡು, ‘ನಿಮ್ಮ ಏರಿಯಾದ ಕರೆಂಟೇ ಗಲೀಜು’ ಅಂದ. ಕರೆಂಟನ್ನು ಸೋಸುವ ಪವರ್ ಕಂಡಿಷನರ್ ಅಂತ ಭಾರದ ಡಬ್ಬವೊಂದನ್ನು 12,000 ರೂಪಾಯಿಗೆ ಕೊಟ್ಟ. ಮನೆಗೆ ತಂದು ಹಾಕಿದರೆ ಗುಂಯ್ ಒಂದು ಚೂರೂ ಕಡಿಮೆಯಾಗಲಿಲ್ಲ. ಫೋನ್ ಮಾಡಿದರೆ, ಅದಕ್ಕೆ ದಪ್ಪ ಪವರ್ ಕೇಬಲ್ಲೂ ಬೇಕು ಅಂದ. ಮಾವ ಅದನ್ನು ಸುತರಾಂ ಒಪ್ಪಲಿಲ್ಲ. ಆಮೇಲೆ ಅವನೇ ಒಬ್ಬ ಟೆಕ್ನಿಷಿಯನ್‌ನನ್ನು ಮನೆಗೆ ಕಳಿಸಿದ. ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದಾಗ ಮಾವನ ಮುಖ ಅರಳಿತ್ತು. ‘ಗುಂಯ್ ಅನ್ನೂದು ಹೋತ್ ನೋಡವಾ, ಹತ್ತು ನಿಮಿಷದಾಗ ಮಾಡಿ ಹೋದ’ ಅಂದರು. ಏನು ಮಾಡಿದ ಅಂತ ಕೇಳಿದರೆ, ಪ್ಲಗ್ ಬಿಚ್ಚಿ ಏನೋ ಸರಿಮಾಡಿದ ಅಂದರು.

ಮಳೆಗಾಲ ಬಂತು. ನಮ್ಮ ಬಿಲ್ಡಿಂಗಿನಲ್ಲಿ ಕೇಬಲ್‌ನವರು ವೈರ್ ಬದಲಿಸುವುದಕ್ಕೆ ಅಂತ ಹಳೆಯದನ್ನು ಕಿತ್ತುಹಾಕಿದ್ದರು. ಆ ದಿನ ನೆಲ ಒರೆಸಿ, ಬರಿಗಾಲಲ್ಲೇ ಆಂಪ್ಲಿಫೈಯರ್ ಮೇಲಿನ ಧೂಳು ಒರೆಸಲು ಹೋದೆ. ಬೆರಳಿಂದ ಮೊಣಕೈವರೆಗೆ ಜುಮ್ ಅಂತು. ಪೂರ್ತಿ ಶಾಕ್ ಅಲ್ಲ. ಲೋಹದ ಮೇಲೆ ಬೆರಳು ಆಡಿಸಿದರೆ ಅದರ ಮೈ ತರಿತರಿಯಾಗಿದೆಯೇನೋ ಅನ್ನಿಸುತ್ತಿತ್ತು. ಮಾವನಿಗೆ ಚಪ್ಪಲಿ ಹಾಕಿಕೊಂಡು ಓಡಾಡುವ ಅಭ್ಯಾಸ, ಹಾಗಾಗಿ ಅವರಿಗೆ ಏನೂ ಗೊತ್ತಾಗಿರಲಿಲ್ಲ.

ನನ್ನ ತಮ್ಮ ಠಾಣೆಯಲ್ಲಿ ಲಿಫ್ಟ್ ರಿಪೇರಿ ಕೆಲಸದಲ್ಲಿದ್ದಾನೆ. ಅವನನ್ನು ಕರೆಸಿದೆ. ಟೆಸ್ಟರ್‌ನ ತುದಿಯನ್ನು ಆಂಪ್ಲಿಫೈಯರ್‌ನ ಹಿಂದಿನ ಸ್ಕ್ರೂಗೆ ಇಟ್ಟ. ಒಳಗಿನ ಪುಟ್ಟ ನಿಯಾನ್ ದೀಪ ಮಂದವಾಗಿ ಕೆಂಪಗಾಯಿತು. ‘ಅಕ್ಕ, ಯಾರೂ ಇದನ್ನ ಮುಟ್ಟಬೇಡಿ’ ಅಂದವನೇ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಬಿಚ್ಚಿದ. ಕಂದು ವೈರ್, ನೀಲಿ ವೈರ್ ತಮ್ಮ ತಮ್ಮ ಜಾಗದಲ್ಲಿದ್ದವು. ಹಸಿರು-ಹಳದಿ ಪಟ್ಟೆಯ ಅರ್ಥಿಂಗ್ ವೈರನ್ನು ಬುಡಕ್ಕೆ ಕತ್ತರಿಸಿ, ಕಪ್ಪು ಟೇಪ್ ಸುತ್ತಿ, ಮಡಚಿ ಒಳಗೆ ತುರುಕಿದ್ದರು. ದೊಡ್ಡ ಪಿನ್ ಮಾತ್ರ ಹಾಗೇ ಇತ್ತು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಮಾಡಿದ್ದನ್ನು ಮುಚ್ಚಿಡಬೇಕು ಅನ್ನುವಷ್ಟು ಅವನಿಗೆ ಗೊತ್ತಿತ್ತಲ್ಲ!

ಯಾಕೆ ಹೀಗಾಗುತ್ತೆ ಅಂತ ತಮ್ಮ ವಿವರಿಸಿದ. ನಮ್ಮ ಆಂಪ್ಲಿಫೈಯರ್‌ಗೆ ಮನೆಯ ಸಾಕೆಟ್‌ನಿಂದ ಅರ್ಥಿಂಗ್ ಸಿಗುತ್ತೆ. ಟೆರೇಸ್ ಮೇಲಿರುವ ಕೇಬಲ್‌ನವರ ಪೆಟ್ಟಿಗೆಗೂ ಭೂಮಿಯ ಜೊತೆ ಸಂಪರ್ಕ ಇರುತ್ತೆ, ಆದರೆ ಬೇರೆ ದಾರಿಯಲ್ಲಿ. ಅದು ಕೇಬಲ್ ವೈರಿನ ಹೊರಗಿನ ಜಾಲರಿಯ ಮೂಲಕ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಆಡಿಯೋ ವೈರಿನ ಜಾಲರಿಯ ಮೂಲಕ ನಮ್ಮ ಆಂಪ್ಲಿಫೈಯರ್‌ಗೆ ಬರುತ್ತೆ. ಅಂದರೆ ಭೂಮಿಗೆ ಎರಡು ದಾರಿ. ಎರಡರ ನಡುವೆ ಒಂದಿಷ್ಟು ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತೆ, ಅದರಿಂದ ಆ ಜಾಲರಿಯಲ್ಲಿ ಸಣ್ಣಗೆ ಕರೆಂಟ್ ಹರಿಯುತ್ತೆ. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್‌ದು, ಅಂದರೆ ಸೆಕೆಂಡಿಗೆ 50 ಸಲ ಏರಿಳಿಯುತ್ತೆ, ಆಂಪ್ಲಿಫೈಯರ್ ಅದನ್ನೂ ಹಾಡು ಅಂದುಕೊಂಡು ದೊಡ್ಡದು ಮಾಡುತ್ತೆ. ಯಾವುದರ ಧ್ವನಿ ಬೇಕು ಅಂತ ಆರಿಸುವ ಸೆಲೆಕ್ಟರನ್ನು ರೆಕಾರ್ಡ್ ಪ್ಲೇಯರ್ ಕಡೆ ತಿರುಗಿಸಿದ್ದರೂ ಸೆಟ್ ಟಾಪ್ ಬಾಕ್ಸಿನ ಜಾಲರಿ ಹಿಂದೆ ಸಿಕ್ಕಿಸಿಕೊಂಡೇ ಇರುತ್ತೆ, ಲೂಪ್ ಮುರಿಯುವುದಿಲ್ಲ. ಅದರ ಮೇಲೆ ರೆಕಾರ್ಡಿನ ಮುಳ್ಳಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಅದನ್ನು ಅಷ್ಟೊಂದು ದೊಡ್ಡದು ಮಾಡುವಾಗ ಗುಂಯ್ ಕೂಡ ಜೊತೆಗೇ ಬೆಳೆಯುತ್ತೆ.

ಆಂಪ್ಲಿಫೈಯರ್‌ನ ಅರ್ಥಿಂಗ್ ಕತ್ತರಿಸಿದರೆ ಎರಡರಲ್ಲಿ ಒಂದು ದಾರಿ ಹೋಯಿತು, ಲೂಪ್ ಮುರಿಯಿತು, ಸದ್ದೂ ನಿಂತಿತು. ಆದರೆ ಆಮೇಲೆ ಆಂಪ್ಲಿಫೈಯರ್‌ನ ಲೋಹದ ಮೈಗೆ ಉಳಿದಿದ್ದು ಕೇಬಲ್ ವೈರಿನ ತೆಳ್ಳನೆಯ ಜಾಲರಿ ಒಂದೇ. ಕೇಬಲ್‌ನವರು ಅದನ್ನೂ ಕಿತ್ತ ದಿನ ನನಗೆ ಜುಮ್ ಅಂದಿದ್ದು ಇದಕ್ಕೇ. ಒಳಗಿನ ಟ್ರಾನ್ಸ್‌ಫಾರ್ಮರ್‌ನಿಂದ, ಫಿಲ್ಟರ್ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟ್ ಆ ಲೋಹದ ಮೈಗೆ ಸೋರುತ್ತಲೇ ಇರುತ್ತೆ. ಅರ್ಥಿಂಗ್ ಇದ್ದರೆ ಅದು ಸುಮ್ನೆ ನೆಲಕ್ಕೆ ಹೋಗುತ್ತೆ, ಇಲ್ಲದಿದ್ದರೆ ನಮ್ಮ ಕೈ ಹುಡುಕುತ್ತೆ.

ಜುಮ್ ಅನ್ನುವುದು ಸಣ್ಣ ವಿಷಯ. ಒಳಗೆ ಯಾವತ್ತಾದರೂ ಕರೆಂಟ್ ಬರುವ ಫೇಸ್ ವೈರಿನ ಇನ್ಸುಲೇಷನ್ ಸವೆದು ಅದು ಡಬ್ಬದ ಮೈಗೆ ತಾಗಿತು ಅಂದುಕೊಳ್ಳಿ. ಅರ್ಥಿಂಗ್ ಸರಿ ಇದ್ದರೆ ತಕ್ಷಣ ಜೋರಾಗಿ ಕರೆಂಟ್ ಹರಿದು ಫ್ಯೂಸ್ ಹೋಗುತ್ತೆ ಅಥವಾ ಎಂಸಿಬಿ ಸ್ವಿಚ್ ತಾನೇ ಬೀಳುತ್ತೆ. ಅರ್ಥಿಂಗ್ ಇಲ್ಲದಿದ್ದರೆ ಪೂರ್ತಿ 230 ವೋಲ್ಟ್ ಆ ಡಬ್ಬದ ಮೈಮೇಲೆ ನಿಂತಿರುತ್ತೆ. ಜಾಲರಿಯ ಮೂಲಕ ಕೇಬಲ್ ಲೈನಿಗೂ ಹತ್ತಬಹುದು, ಆಗ ಟೆರೇಸ್ ಮೇಲೆ ಕೆಲಸ ಮಾಡುತ್ತಿರುವವನ ಗತಿ ಏನು? ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಇರುವ ಮನೆಯಲ್ಲಿ ಅದು ಬಿದ್ದು ಜೀವ ಉಳಿಸಬಹುದು. ನಮ್ಮ ಹಳೇ ಫ್ಲಾಟಿನಲ್ಲಿ ಅದು ಇರಲಿಲ್ಲ. ಈಗ ಹಾಕಿಸಿದ್ದೇವೆ.

ಗುಂಯ್ ಸದ್ದಿನ ಮೂಲ ಹುಡುಕುವುದಕ್ಕೆ ದುಡ್ಡೇ ಬೇಡ. ತಮ್ಮ ಮೊದಲು ಪ್ಲಗ್‌ನಲ್ಲಿ ಅರ್ಥಿಂಗ್ ಮತ್ತೆ ಜೋಡಿಸಿದ. ಅಷ್ಟರಲ್ಲಿ ಕೇಬಲ್‌ನವರು ಹೊಸ ವೈರ್ ಎಳೆದಿದ್ದರು, ಗುಂಯ್ ವಾಪಸ್ ಬಂತು. ಆಮೇಲೆ ಸೆಟ್ ಟಾಪ್ ಬಾಕ್ಸಿನ ಹಿಂದಿನಿಂದ ಕೇಬಲ್ ವೈರನ್ನು ತಿರುಗಿಸಿ ಬಿಚ್ಚಿದ. ಸದ್ದು ತಟಕ್ಕನೆ ನಿಂತಿತು. ಮತ್ತೆ ಹಾಕಿದ, ಮತ್ತೆ ಬಂತು. ಇಷ್ಟೇ ಪರೀಕ್ಷೆ. ಅಂಗಡಿಯವನಾಗಲಿ ಅವನು ಕಳಿಸಿದವನಾಗಲಿ ಇದನ್ನು ಮಾಡಲೇ ಇಲ್ಲ.

ಪರಿಹಾರವೂ ಸಾವಿರ ರೂಪಾಯಿಯೊಳಗೆ ಮುಗಿಯಿತು. ಟಿವಿಯ ಆಪ್ಟಿಕಲ್ ಔಟ್‌ನಿಂದ, ಬೆಳಕನ್ನು ಮತ್ತೆ ಮಾಮೂಲಿ ಆಡಿಯೋ ಸಿಗ್ನಲ್ ಮಾಡುವ ಒಂದು ಸಣ್ಣ ಕನ್ವರ್ಟರ್‌ಗೆ ಆಪ್ಟಿಕಲ್ ಕೇಬಲ್, ಅಲ್ಲಿಂದ ಆಂಪ್ಲಿಫೈಯರ್‌ಗೆ ಮಾಮೂಲಿ ಆಡಿಯೋ ವೈರ್. ಸೆಟ್ ಟಾಪ್ ಬಾಕ್ಸಿನಿಂದ ಎಳೆದಿದ್ದ ವೈರ್ ತೆಗೆದೆವು. ಆಪ್ಟಿಕಲ್ ಕೇಬಲ್ಲಿನಲ್ಲಿ ಹೋಗುವುದು ಬೆಳಕು, ಅದರಲ್ಲಿ ಲೋಹದ ಸಂಪರ್ಕವೇ ಇಲ್ಲ. ಹಾಗಾಗಿ ಲೂಪ್ ಆಗುವುದಿಲ್ಲ, ಎಲ್ಲಾ ಅರ್ಥಿಂಗೂ ಹಾಗೇ ಇರುತ್ತೆ. ಇಲ್ಲೊಂದು ಕಿತಾಪತಿ ಇದೆ. ಕನ್ವರ್ಟರ್ ಜೊತೆ ಯುಎಸ್‌ಬಿ ವೈರ್ ಕೊಡುತ್ತಾರೆ. ಹತ್ತಿರವೇ ಇದೆ ಅಂತ ಅದನ್ನು ಟಿವಿಯ ಯುಎಸ್‌ಬಿಗೆ ಚುಚ್ಚಿದರೆ, ಆ ವೈರಿನ ಮೂಲಕ ಲೂಪ್ ಮತ್ತೆ ಕೂಡಿಕೊಂಡು ಗುಂಯ್ ಬರುತ್ತೆ. ಬೇರೆ ಎರಡು ಪಿನ್ನಿನ ಚಾರ್ಜರ್‌ನಿಂದ ಕರೆಂಟ್ ಕೊಡಿ. ಟಿವಿಯಲ್ಲಿ ಆಪ್ಟಿಕಲ್ ಔಟ್ ಇಲ್ಲದವರು ಕೇಬಲ್ ವೈರಿಗೆ ಹಾಕುವ ಐಸೊಲೇಟರ್ ಅಥವಾ ಆಡಿಯೋ ವೈರಿನ ನಡುವೆ ಹಾಕುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೇಳಿ.

ಎಲ್ಲಾ ಸದ್ದೂ ಲೂಪ್‌ನಿಂದಲೇ ಬರುವುದಿಲ್ಲ. ರೆಕಾರ್ಡ್ ಪ್ಲೇಯರ್‌ನಿಂದ ಬರುವ ತೆಳ್ಳನೆಯ ಗ್ರೌಂಡ್ ವೈರ್ ಆಂಪ್ಲಿಫೈಯರ್ ಹಿಂದಿನ ಸ್ಕ್ರೂನಿಂದ ಜಾರಿದ್ದರೂ ಗುಂಯ್ ಬರುತ್ತೆ. ಪ್ಲೇಯರನ್ನು ಸ್ವಲ್ಪ ದೂರ ಸರಿಸಿದಾಗ ಸದ್ದು ಬದಲಾದರೆ, ಪಕ್ಕದಲ್ಲಿರುವ ಉಪಕರಣದೊಳಗಿನ ಟ್ರಾನ್ಸ್‌ಫಾರ್ಮರ್ ಕಾರಣ. ಜರ್ರ್ ಅಂತ ಚೂಪಾಗಿದ್ದರೆ ಫ್ಯಾನಿನ ರೆಗ್ಯುಲೇಟರ್, ಡಿಮ್ಮರ್, ಅಗ್ಗದ ಎಲ್‌ಇಡಿ ಬಲ್ಬ್ ಅಥವಾ ಚಾರ್ಜರ್ ಇವುಗಳನ್ನು ಒಂದೊಂದಾಗಿ ಆರಿಸಿ ನೋಡಿ. ಈ ಜರ್ರ್‌ಗೆ ಪವರ್ ಕಂಡಿಷನರ್ ಒಂದಿಷ್ಟು ಉಪಯೋಗಕ್ಕೆ ಬರಬಹುದು. ಗ್ರೌಂಡ್ ಲೂಪ್‌ಗೆ ಅದರಿಂದ ಏನೂ ಆಗುವುದಿಲ್ಲ.

ಅಂಗಡಿಗೆ ಫೋನ್ ಮಾಡಿ ಕೇಳಿದೆ. ‘ಮೇಡಂ, ಎಲ್ಲರೂ ಹಾಗೇ ಮಾಡೋದು. ಸದ್ದು ನಿಂತಿತ್ತೋ ಇಲ್ವೋ?’ ಅಂತ ಹಿಂದಿಯಲ್ಲಿ ನನ್ನನ್ನೇ ದಬಾಯಿಸಿದ. ಕಂಡಿಷನರ್ ವಾಪಸ್ ತಗೊಳ್ಳಲಿಲ್ಲ. ಕೈಬರಹದ ಚೀಟಿ ಕೊಟ್ಟಿದ್ದನೇ ಹೊರತು ಸರಿಯಾದ ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ಮುಂದೆ ಏನೂ ಮಾಡಲಾಗಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಬಂದು ಗುಂಯ್ ‘ಸರಿಮಾಡಿ’ ಹೋಗಿದ್ದರೆ ಇವತ್ತೇ ನೋಡಿಬಿಡಿ. ಮೊದಲು ಆಂಪ್ಲಿಫೈಯರ್‌ನ ಪ್ಲಗ್ಗನ್ನು ಸಾಕೆಟ್‌ನಿಂದ ಕೀಳಿ, ಹಿಂದಿನ ವೈರ್‌ಗಳನ್ನೆಲ್ಲ ಬಿಚ್ಚಿ. ಮಲ್ಟಿಮೀಟರನ್ನು ಸಂಪರ್ಕ ಇದ್ದರೆ ಬೀಪ್ ಅನ್ನುವ ಸೆಟ್ಟಿಂಗ್‌ಗೆ ಇಟ್ಟು ಒಂದು ತುದಿಯನ್ನು ಪ್ಲಗ್ಗಿನ ದೊಡ್ಡ ಪಿನ್ನಿಗೆ, ಇನ್ನೊಂದನ್ನು ಹಿಂದಿನ ಬಣ್ಣವಿಲ್ಲದ ಸ್ಕ್ರೂಗೆ ತಾಗಿಸಿ. ಮೂರು ಪಿನ್ನಿನ ಲೋಹದ ಡಬ್ಬವಾದರೆ ಬೀಪ್ ಬರಬೇಕು. ಬರದಿದ್ದರೆ ಎಲೆಕ್ಟ್ರಿಷಿಯನ್ ನೋಡುವವರೆಗೆ ಅದನ್ನು ಮತ್ತೆ ಚುಚ್ಚಬೇಡಿ. ಕಾರ್ಖಾನೆಯಿಂದಲೇ ಎರಡು ಪಿನ್ನಿನ ಪ್ಲಗ್ ಬಂದಿದ್ದು, ಹಿಂದೆ ಚೌಕದೊಳಗೆ ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್‌ದು. ಅದಕ್ಕೆ ಅರ್ಥಿಂಗ್ ಇರುವುದಿಲ್ಲ, ಗಾಬರಿ ಬೇಡ. ಮೀಟರ್ ಇಲ್ಲದವರು ಎಲೆಕ್ಟ್ರಿಷಿಯನ್‌ಗೆ ಪ್ಲಗ್ ಬಿಚ್ಚಲು ಹೇಳಿ, ಹಸಿರು-ಹಳದಿ ವೈರ್ ಎಲ್ಲಿ ಸೇರಿದೆ ಅಂತ ನೀವೇ ಕಣ್ಣಾರೆ ನೋಡಿ. ಸಾಕೆಟ್‌ನ ಅರ್ಥಿಂಗನ್ನೂ ಅವರಿಂದಲೇ ಚೆಕ್ ಮಾಡಿಸಿ. ಹಳೇ ಮನೆಗಳಲ್ಲಿ ಅರ್ಥಿಂಗ್ ಲೈನೇ ಇಲ್ಲದೆ, ನ್ಯೂಟ್ರಲ್‌ನಿಂದ ಒಂದು ತುಂಡು ವೈರನ್ನು ಅರ್ಥಿಂಗ್ ತೂತಿಗೆ ಕೊಟ್ಟಿರುತ್ತಾರೆ. ಎಲ್ಲೋ ನ್ಯೂಟ್ರಲ್ ಕಡಿದರೆ ಆ ಸಾಕೆಟ್‌ಗೆ ಹಾಕಿದ ಲೋಹದ ಡಬ್ಬಗಳಿಗೆಲ್ಲ ಕರೆಂಟ್ ಬರುತ್ತೆ. ಅಂಥದ್ದು ಕಂಡರೆ ಅಲ್ಲೇ ತೆಗೆಸಿ, ಸರಿಯಾದ ಅರ್ಥಿಂಗ್ ಲೈನ್ ಎಳೆಸಿ.