ಮಂಗಳವಾರದ ಸರದಿ: ನಮ್ಮ ತಾಲ್ಲೂಕು ಆಸ್ಪತ್ರೆಯ ಮಾನಸಿಕ ಆರೋಗ್ಯ ಚಿಕಿತ್ಸಾಲಯ

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯ ಚಿಕಿತ್ಸಾಲಯಕ್ಕೆ ದೊಡ್ಡಮ್ಮನನ್ನು ಕರೆದುಕೊಂಡು ಕಳೆದ ಏಳು ತಿಂಗಳಲ್ಲಿ ಎಂಟು ಸಲ ಹೋಗಿ ಬಂದಿದ್ದೇನೆ. ರಾಜ್ಯದಲ್ಲಿ 2014ರಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಯಡಿ ಮನೋವೈದ್ಯರೇ ತಾಲ್ಲೂಕಿಗೆ ಬಂದು ರೋಗಿಗಳನ್ನು ನೋಡುತ್ತಾರೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು ಎಂಬುದನ್ನು ನೆನೆದರೆ, ಇದು ನಮ್ಮ ನೆಲದಲ್ಲೇ ಬೇರುಬಿಟ್ಟ ವ್ಯವಸ್ಥೆ ಎನ್ನಬಹುದು.

ಅಲ್ಲಿಗೆ ಹೋಗುವ ಮುನ್ನ ಒಂದು ವರ್ಷ ನಾವು ಬೇರೆ ಕಡೆಗಳಲ್ಲಿ ಅಲೆದೆವು. ದೊಡ್ಡಮ್ಮನ ದೂರು ಮೈಕೈ ನೋವು, ತಲೆಭಾರ ಮತ್ತು ಹೊಟ್ಟೆ ಉರಿತ. ‘ಬೇಸರ’ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಎರಡು ಖಾಸಗಿ ಆಸ್ಪತ್ರೆಗಳಲ್ಲಿ ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲವೂ ಆಯಿತು, ಗ್ಲೂಕೋಸ್ ಬಾಟಲಿಯೂ ಏರಿತು. ಆದರೆ ನಿದ್ದೆ ಹೇಗಿದೆ ಎಂದು ಯಾರೂ ಕೇಳಲಿಲ್ಲ. ನಮ್ಮಲ್ಲಿ ಖಿನ್ನತೆ ಬಹುಪಾಲು ಮೈನೋವಿನ ವೇಷದಲ್ಲಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತದೆ ಎಂಬುದು ನನಗೂ ಆಗ ತಿಳಿದಿರಲಿಲ್ಲ.

ಈ ಚಿಕಿತ್ಸಾಲಯಕ್ಕೆ ನಾನು ಹೆಚ್ಚಿನ ಅಂಕ ಕೊಡುವುದು ಅಲ್ಲಿ ಕೇಳುವ ಪ್ರಶ್ನೆಗಳಿಗಾಗಿ. “ಏನಿಲ್ಲ ಡಾಕ್ಟ್ರೇ, ಮೈಯೆಲ್ಲ ನೋವು, ಅಷ್ಟೇ” ಎಂದ ದೊಡ್ಡಮ್ಮನಿಗೆ ಆ ಯುವ ವೈದ್ಯೆ, “ಅಮ್ಮ, ಬೆಳಗಿನ ಜಾವ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ?” ಎಂದು ಕೇಳಿದರು. ಮೂರಕ್ಕೆ. ಆಮೇಲೆ? ಸೂರು ನೋಡುತ್ತಾ ಮಲಗಿರುವುದು. ಸಾರು ರುಚಿಸುತ್ತದೆಯೇ, ಬಾಗಿಲಿಗೆ ರಂಗೋಲಿ ಹಾಕುತ್ತೀರಾ, ಧಾರಾವಾಹಿ ನೋಡುವಾಗ ಕಥೆ ತಲೆಗೆ ಹೋಗುತ್ತದೆಯೇ, ‘ನನ್ನಿಂದಲೇ ಹೀಗಾಯಿತು’ ಎಂದು ಅನ್ನಿಸುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತಾ ಹೋದಂತೆ, ಬಾಗಿಲಲ್ಲಿ ರಂಗೋಲಿ ನಿಂತು ಎಂಟು ತಿಂಗಳಾಗಿದ್ದರೂ ಅದೇ ಮನೆಯಲ್ಲಿರುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ ಎಂಬುದು ನಾಚಿಕೆಯಾಗುವಷ್ಟು ಸ್ಪಷ್ಟವಾಯಿತು. ಬದುಕುವುದೇ ಬೇಡ ಎನ್ನಿಸಿದ್ದುಂಟೇ ಎಂಬ ಪ್ರಶ್ನೆಯನ್ನು ಅವರು ಯಾವ ಅಂಜಿಕೆಯೂ ಇಲ್ಲದೆ ಕೇಳಿದರು. ದೊಡ್ಡಮ್ಮ ತಲೆತಗ್ಗಿಸಿಕೊಂಡೇ ಉತ್ತರ ಕೊಟ್ಟರು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ನಾನು ನಂಬಿದ್ದೆ, ಅದು ತಪ್ಪು ತಿಳಿವಳಿಕೆ.

ವೈದ್ಯೆ ವಿವರಿಸಿದ ಲೆಕ್ಕ ಹೀಗಿದೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಈ ಎರಡರಲ್ಲಿ ಒಂದಾದರೂ ಇರಬೇಕು. ಅದರ ಜೊತೆಗೆ ನಿದ್ದೆ, ಹಸಿವು, ಸುಸ್ತು, ಏಕಾಗ್ರತೆ, ನಡೆನುಡಿಯ ನಿಧಾನ ಅಥವಾ ಚಡಪಡಿಕೆ, ತಪ್ಪಿತಸ್ಥ ಭಾವ, ಸಾವಿನ ಯೋಚನೆ ಇವುಗಳೂ ಸೇರಿ ಒಟ್ಟು ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ ಕಾಣಿಸಿಕೊಂಡು ದಿನದ ಕೆಲಸಕ್ಕೆ ಅಡ್ಡಿಯಾದರೆ ಅದನ್ನು ಖಿನ್ನತೆಯ ಕಾಯಿಲೆ ಎಂದು ಪರಿಗಣಿಸುತ್ತಾರೆ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಹಾಗಾಗಿ ಇದು ಆ ದುಃಖವೇ ಇರಬೇಕೆಂದು ನಾನು ವಾದಿಸಿದೆ. ದುಃಖ ಅಲೆಯಂತೆ ಬಂದು ಹೋಗುತ್ತದೆ, ನಡುವೆ ನಗುವೂ ಬರುತ್ತದೆ. ಇಲ್ಲಿ ಅಲೆಯೇ ಇಳಿಯುತ್ತಿಲ್ಲ, ತನ್ನ ಬಗ್ಗೆಯೇ ಜಿಗುಪ್ಸೆ ಬಂದಿದೆ ಎಂದು ಅವರು ಬಿಡಿಸಿ ಹೇಳಿದರು.

ಗೋಡೆಯ ಮೇಲಿನ ಭಿತ್ತಿಪತ್ರ ಮಾತ್ರ ಇದಕ್ಕೆ ‘ಮೆದುಳಿನ ರಾಸಾಯನಿಕ ಏರುಪೇರೇ ಕಾರಣ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಅದನ್ನು ಬದಲಿಸಬೇಕು. ಅದೇ ಕೊಠಡಿಯಲ್ಲಿ ವೈದ್ಯೆ ಬರೆದುಕೊಂಡ ವಿವರ ಎಷ್ಟೋ ವಿಸ್ತಾರವಾಗಿತ್ತು: ನಮ್ಮ ಅಜ್ಜಿಗೂ ಹೀಗೆಯೇ ಆಗಿ ಆಗ ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸಿದ್ದು, ದೊಡ್ಡಪ್ಪನ ಸಾವು, ಬ್ಯಾಂಕಿನ ಸಾಲ, ಒಂಟಿತನ. ವಂಶದಿಂದ ಬರುವುದು ಕಾಯಿಲೆಯಲ್ಲ, ಅದಕ್ಕೆ ಬೇಗ ತುತ್ತಾಗುವ ಸ್ವಭಾವ ಎಂದರು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚು. ಹೆರಿಗೆಯ ನಂತರದ ದಿನಗಳು, ಬಾಲ್ಯದ ಹಿಂಸೆ, ಮದ್ಯಪಾನ, ಸಕ್ಕರೆ ಕಾಯಿಲೆಯಂತಹ ದೀರ್ಘಕಾಲದ ತೊಂದರೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಥೈರಾಯ್ಡ್, ಹಿಮೋಗ್ಲೋಬಿನ್ ಮತ್ತು ಬಿ12 ಪರೀಕ್ಷೆಗೆ ಬರೆದುಕೊಟ್ಟದ್ದು ನನಗೆ ಬಹಳ ಮೆಚ್ಚುಗೆಯಾಯಿತು, ಏಕೆಂದರೆ ದೊಡ್ಡಮ್ಮನಿಗೆ ಥೈರಾಯ್ಡ್ ಕೊರತೆಯೂ ಇದ್ದದ್ದು ಬೆಳಕಿಗೆ ಬಂತು, ಮತ್ತು ಅದೂ ಮನಸ್ಸನ್ನು ಕುಗ್ಗಿಸಬಲ್ಲದು.

ಇನ್ನು ಕೊರತೆಗಳು. ಬಾಗಿಲಿಗೆ ಚಿಲಕವಿಲ್ಲದ ಕಾರಣ ಮುಂದಿನ ಸರದಿಯವರು ಹೊಸ್ತಿಲಲ್ಲೇ ನಿಂತಿರುತ್ತಾರೆ. ಸಾವಿನ ಮಾತನ್ನು ಪಕ್ಕದೂರಿನವರ ಎದುರು ಆಡಲು ಯಾರಿಗಾದರೂ ಮನಸ್ಸು ಬಂದೀತೇ? ಮೊದಲ ಭೇಟಿಗೆ ಇಪ್ಪತ್ತೈದು ನಿಮಿಷ ಸಿಕ್ಕರೂ ನಂತರದವು ಐದೇ ನಿಮಿಷಕ್ಕೆ ಮುಗಿಯುತ್ತವೆ. ಆಪ್ತಸಮಾಲೋಚಕರು ಒಬ್ಬರೇ, ಅವರೂ ತಿಂಗಳಿಗೆ ಎರಡು ವಾರ ಮಾತ್ರ ಸಿಗುತ್ತಾರೆ. ನನ್ನ ದೊಡ್ಡ ಆಕ್ಷೇಪ ಔಷಧದ ಕಿಟಕಿಯ ಬಗ್ಗೆ: ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುವ, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಬಿಡದೆ ನುಂಗಬೇಕಾದ ಮಾತ್ರೆಯನ್ನು ನಾಲ್ಕನೇ ಭೇಟಿಯ ದಿನ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂದು ಹೇಳಿ ಕಳುಹಿಸಿದರು. ಇಂತಹ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರುವುದುಂಟು. ಹೊರಗಿನ ಅಂಗಡಿಯಲ್ಲಿ ಕೊಳ್ಳಲು ನನ್ನ ಬಳಿ ಹಣವಿತ್ತು, ಹಿಂದೆ ನಿಂತಿದ್ದ ಅಜ್ಜಿಯ ಬಳಿ ಬಸ್ ಚಾರ್ಜ್ ಬಿಟ್ಟರೆ ಬೇರೇನೂ ಇರಲಿಲ್ಲ.

ಹೋಗುವವರು ಒಂಬತ್ತು ಗಂಟೆಗೇ ಚೀಟಿ ಮಾಡಿಸಿ, ಹಳೆಯ ವರದಿಗಳನ್ನೆಲ್ಲ ಒಯ್ಯಿರಿ, ರೋಗಿಯ ಜೊತೆ ಒಂದೇ ಮನೆಯಲ್ಲಿರುವ ಒಬ್ಬರು ಇರಲಿ. ಮಂಗಳವಾರದವರೆಗೆ ಕಾಯಲಾಗದ ರಾತ್ರಿಗಳಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಉಚಿತ ಸೇವೆಯಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಭೇಟಿಯಲ್ಲಿ ವೈದ್ಯೆ ಮತ್ತೆ ಅದೇ ಪ್ರಶ್ನೆ ಕೇಳಿದಾಗ ದೊಡ್ಡಮ್ಮ, “ಐದೂವರೆಗೆ ಏಳ್ತೀನಿ ಕಣಮ್ಮ, ರಂಗೋಲಿ ಪುಡಿ ಮಾತ್ರ ಇವನು ತಂದುಕೊಟ್ಟಿಲ್ಲ” ಎಂದು ನನ್ನತ್ತ ಬೆರಳು ತೋರಿಸಿದರು.