ಹಿರಿಯರ ಜೊತೆ ಮೆಡಿಟರೇನಿಯನ್ ಕ್ರೂಸ್: ಕಾಗದ ಪತ್ರಕ್ಕೆ ಫುಲ್ ಮಾರ್ಕ್ಸ್, ಕ್ಯಾಬಿನ್‌ಗೆ ಜಸ್ಟ್ ಪಾಸ್

ಟ್ರಾವೆಲ್ಸ್‌ನವರ ಹೆಸರು ಬರೆಯುವುದಿಲ್ಲ, ಕೇಳಬೇಡಿ. ತುಮಕೂರಿನಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಪುಟ್ಟ ಆಫೀಸು. ಇಬ್ಬರು ಹುಡುಗರು, ಒಬ್ಬ ಓನರ್. ಕಾಶಿ, ಚಾರ್‌ಧಾಮ್ ಅವರ ಕೈಯಲ್ಲಿ ನೀರು ಕುಡಿದಷ್ಟು ಸಲೀಸು. ಹಡಗಿನ ಟೂರ್ ಮಾತ್ರ ಅವರಿಗೂ ಹೆಚ್ಚುಕಮ್ಮಿ ಹೊಸದು, ನಮಗಂತೂ ಪೂರ್ತಿ ಹೊಸದು.

ಹೋದವರು ಐದು ಜನ. ನಾನು, ಹೆಂಡತಿ, 74ರ ಅಪ್ಪ, 69ರ ಅಮ್ಮ, 71ರ ಸೋದರತ್ತೆ. ಅಮ್ಮನಿಗೆ ಮಂಡಿ ನೋವು. ಅಪ್ಪನಿಗೆ ಬಿಪಿ, ಶುಗರ್ ಎರಡೂ. ಅತ್ತೆಗೆ ಏನೂ ಇಲ್ಲ, ಆದರೆ ಬಸ್ ಹತ್ತಿದರೆ ವಾಂತಿ. ಇವರನ್ನು ಬಸ್ಸಿನ ಯೂರೋಪ್ ಟೂರ್‌ಗೆ ಕರೆದುಕೊಂಡು ಹೋದರೆ ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಸೂಟ್‌ಕೇಸ್ ಕಟ್ಟಬೇಕು, ರಾತ್ರಿ ಇನ್ನೊಂದು ಊರಲ್ಲಿ ಬಿಚ್ಚಬೇಕು. ಹಡಗಿನಲ್ಲಿ ಆ ಕಾಟ ಇಲ್ಲ. ಒಂದು ಸಲ ಬಟ್ಟೆ ಬೀರುವಿಗೆ ಇಟ್ಟರೆ ಏಳು ರಾತ್ರಿ ಅಲ್ಲೇ, ಊರುಗಳೇ ನಮ್ಮ ಹತ್ತಿರ ಬರುತ್ತವೆ. ಓನರ್ ಇದನ್ನೇ ಹೇಳಿ ನಮ್ಮನ್ನು ಒಪ್ಪಿಸಿದ್ದು, ಅದು ನಿಜವೂ ಆಯಿತು. ಬಾರ್ಸಿಲೋನಾದಲ್ಲಿ ಹತ್ತಿ ಪಾಲ್ಮಾ, ಮಾರ್ಸೇ, ಲಿವೋರ್ನೋ, ಚಿವಿಟವೆಕ್ಕಿಯಾ, ನೇಪಲ್ಸ್, ಆಮೇಲೆ ಒಂದು ದಿನ ಬರೀ ಸಮುದ್ರ, ಮತ್ತೆ ಬಾರ್ಸಿಲೋನಾ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ವೀಸಾ ಕೆಲಸ ಅಚ್ಚುಕಟ್ಟು. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು. ಆ ವೀಸಾಕ್ಕೆ ಹೊರಡುವ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಇವರು ಮೂರು ತಿಂಗಳಿರುವಾಗಲೇ ಫೈಲ್ ರೆಡಿ ಮಾಡಿದ್ದರು. ಫೀಸು ದೊಡ್ಡವರಿಗೆ ತಲಾ 90 ಯೂರೋ, ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರ್‌ನ ಸರ್ವೀಸ್ ಚಾರ್ಜ್ ಬೇರೆ. ನಮ್ಮ ಹಡಗು ಎರಡು ಮೂರು ದೇಶ ಮುಟ್ಟಿದರೂ ಎಲ್ಲಾ ಷೆಂಗೆನ್ ಒಳಗೇ ಇದ್ದದ್ದರಿಂದ ಒಂದೇ ವೀಸಾ ಸಾಕಾಯಿತು. ಮೊದಲು ಅವರು ತೋರಿಸಿದ್ದು ಟುನೀಷಿಯಾ ಮುಟ್ಟಿ ಬರುವ ಹಡಗು. ಅದಕ್ಕಾದರೆ ಷೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು, ಮಲ್ಟಿಪಲ್ ಎಂಟ್ರಿ ಬೇಕು. ಟುರ್ಕಿ ಇದ್ದರೂ ಇದೇ ಕಥೆ. ಇದನ್ನು ಆಫೀಸಿನ ಇಬ್ಬರು ಹುಡುಗರಲ್ಲಿ ಚಿಕ್ಕವನೇ ಗಮನಿಸಿ ಹೇಳಿದ, ಓನರ್ ಅಲ್ಲ.

ಬೆರಳಚ್ಚು ಕೊಡಲು ಎಲ್ಲರೂ ಬೆಂಗಳೂರಿಗೆ ಹೋಗಲೇಬೇಕು. ವಯಸ್ಸಾಗಿದೆ ಅಂತ ವಿನಾಯಿತಿ ಇಲ್ಲ. ಅಪ್ಪ ಗುಬ್ಬಿ ಕಡೆ ತೋಟದಲ್ಲಿ ತೆಂಗು, ಅಡಿಕೆ ಅಂತ ಐವತ್ತು ವರ್ಷ ಕೈ ಸವೆಸಿದವರು. ಅವರ ಬೆರಳು ಮಷೀನ್‌ಗೆ ಕಾಣಿಸಲೇ ಇಲ್ಲ. ಜೊತೆಗೆ ಬಂದಿದ್ದ ಅದೇ ಹುಡುಗ ಬ್ಯಾಗಿನಿಂದ ಒದ್ದೆ ಟಿಶ್ಯೂ ತೆಗೆದು ಒರೆಸಿ, 'ಈಗ ಒತ್ತಿ ಅಜ್ಜಾ' ಅಂದ. ಮೂರನೇ ಸಲಕ್ಕೆ ಬಂತು. ಈ ಹುಡುಗನಿಗೆ ಸಂಬಳ ಜಾಸ್ತಿ ಮಾಡಿ ಅಂತ ಓನರ್‌ಗೆ ಹೇಳಿ ಬಂದಿದ್ದೇನೆ.

ಇನ್ನು ಇನ್ಶೂರೆನ್ಸ್. ವೀಸಾಕ್ಕೆ ಕಡಿಮೆ ಅಂದರೂ 30,000 ಯೂರೋ ಕವರ್ ಇರುವ ಪಾಲಿಸಿ ಬೇಕು. ಇವರು ಎಲ್ಲಕ್ಕಿಂತ ಅಗ್ಗದ್ದು ಹಾಕಿದ್ದರು. ವೀಸಾಕ್ಕೆ ಅದು ನಡೆಯುತ್ತದೆ. ನಾನು ರಾತ್ರಿ ಕೂತು ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು, ಮೊದಲೇ ಇರುವ ಕಾಯಿಲೆಗೆ ಒಂದು ಪೈಸೆ ಇಲ್ಲ. ಬಿಪಿ, ಶುಗರ್ ಇರುವ 74ರ ಮನುಷ್ಯನಿಗೆ ಆ ಪಾಲಿಸಿ ಇಟ್ಟುಕೊಂಡು ಏನು ಮಾಡಲಿ? ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಪುಕ್ಕಟೆ ಅಲ್ಲ. ನೋಡಿದ್ದಕ್ಕೆಲ್ಲಾ ಬಿಲ್ ನೇರ ರೂಮಿನ ಅಕೌಂಟ್‌ಗೆ ಹೋಗುತ್ತದೆ, ಆಮೇಲೆ ನಾವು ಇನ್ಶೂರೆನ್ಸ್‌ನವರ ಹತ್ತಿರ ಕೇಳಿಕೊಳ್ಳಬೇಕು. ಜಗಳ ಆಡಿ ಬೇರೆ ಪಾಲಿಸಿ ಮಾಡಿಸಿದೆ. ಕೇಳದಿದ್ದರೆ ಇವರಾಗಿ ಹೇಳುತ್ತಿರಲಿಲ್ಲ. ಇದಕ್ಕೆ ಒಂದು ಸ್ಟಾರ್ ಕಟ್.

ಅರ್ಧ ಸ್ಟಾರ್ ಇನ್ನೂ ಕಟ್, ಕ್ಯಾಬಿನ್ ವಿಷಯಕ್ಕೆ. 'ಗ್ಯಾರಂಟಿ ಕ್ಯಾಬಿನ್ ಸಾರ್, ರೇಟೂ ಕಡಿಮೆ' ಅಂದರು. ಗ್ಯಾರಂಟಿ ಅಂದ ಮೇಲೆ ಒಳ್ಳೆಯದೇ ಇರಬೇಕು ಅಂತ ನಾನು ತಲೆಯಾಡಿಸಿದೆ. ಅದರ ಅರ್ಥ ಏನು ಗೊತ್ತಾ? ಒಂದು ಕ್ಯಾಬಿನ್ ಸಿಗುವುದು ಗ್ಯಾರಂಟಿ, ಎಲ್ಲಿ ಅನ್ನುವುದು ಹಡಗಿನವರ ಇಷ್ಟ. ಅಪ್ಪ ಅಮ್ಮನಿಗೆ ಮೇಲಿನ ಡೆಕ್ಕಿನ (ಹಡಗಿನ ಮಹಡಿ) ಮುಂದಿನ ತುದಿಯಲ್ಲಿ ಬಂತು, ನಮ್ಮದು ಮೂರು ಡೆಕ್ ಕೆಳಗೆ ಹಿಂದೆ. ಈ ಹಡಗುಗಳು 300 ಮೀಟರ್ ಉದ್ದ ಇರುತ್ತವೆ. ಮಂಡಿ ನೋವಿನವರು ಊಟಕ್ಕೆ ಆ ಉದ್ದ ನಡೆಯಬೇಕಾ? ಮುಂದಿನ ತುದಿ, ಮೇಲಿನ ಡೆಕ್ ಎರಡೂ ಅಲೆಗೆ ಜಾಸ್ತಿ ತೂಗಾಡುತ್ತವೆ, ಕೆಳಗೆ ಮಧ್ಯದಲ್ಲಿ ಇದ್ದರೆ ಕಡಿಮೆ. ಹೊರಡುವ ಒಂದು ತಿಂಗಳ ಮೊದಲು ಹಣ ಸೇರಿಸಿ ಕೊಟ್ಟು ಮಧ್ಯದಲ್ಲಿ, ಲಿಫ್ಟ್ ಹತ್ತಿರ, ಅಕ್ಕಪಕ್ಕದ ಎರಡು ಕ್ಯಾಬಿನ್ ಹಾಕಿಸಿಕೊಂಡೆ. ಅತ್ತೆ ನಮ್ಮ ಜೊತೆ ಮಲಗಿದ್ದರು, ಹಾಗಾಗಿ ನನಗೆ ಗೋಡೆಯಿಂದ ಇಳಿಯುವ ಮೇಲಿನ ಹಾಸಿಗೆ. ಏಳು ರಾತ್ರಿ ರೈಲಿನ ಅಪ್ಪರ್ ಬರ್ತ್.

ನೀವು ಬುಕ್ ಮಾಡುವಾಗ ಬಾತ್‌ರೂಮ್ ಫೋಟೋ ಕೇಳಿ. ನಮ್ಮದರ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇತ್ತು, ರಾತ್ರಿ ನಿದ್ದೆಗಣ್ಣಲ್ಲಿ ಎಡವುವುದೇ. ಗಾಲಿ ಕುರ್ಚಿ ಸಲೀಸಾಗಿ ಓಡುವ ಕ್ಯಾಬಿನ್‌ಗಳು ಬೇರೆಯೇ ಇವೆ, ಆದರೆ ಇರುವುದು ಕೆಲವೇ, ಬೇಗ ಹೋಗಿಬಿಡುತ್ತವೆ. ಪೈಪು, ಮಗ್ಗು ಎರಡೂ ಇರುವುದಿಲ್ಲ. 'ಒಂದು ಪ್ಲಾಸ್ಟಿಕ್ ಚೊಂಬು ಇಟ್ಟುಕೊಳ್ಳಿ ಅಮ್ಮಾ' ಅಂತ ಓನರ್ ಹೇಳಿದ್ದರು. ಲಕ್ಷಗಟ್ಟಲೆ ಕೊಟ್ಟದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಸಲಹೆ ಇದು, ಸುಮ್ನೆ ಹೇಳುತ್ತಿಲ್ಲ.

ಈಗ ಮುಖ್ಯ ವಿಷಯ, ದಡದ ಟೂರ್. ಬ್ರೋಷರ್‌ನಲ್ಲಿ 'ರೋಮ್' ಅಂತ ದೊಡ್ಡದಾಗಿ ಹಾಕಿರುತ್ತಾರೆ. ಹಡಗು ನಿಲ್ಲುವುದು ಚಿವಿಟವೆಕ್ಕಿಯಾ ಅನ್ನುವ ಬಂದರಿನಲ್ಲಿ. ಅಲ್ಲಿಂದ ರೋಮ್ ಸುಮಾರು 70 ಕಿಲೋಮೀಟರ್. ಅಂದರೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ 'ಬಂತು ಬೆಂಗಳೂರು, ವಿಧಾನಸೌಧ ನೋಡಿಕೊಂಡು ಸಂಜೆ ಐದಕ್ಕೆ ವಾಪಸ್ ಬನ್ನಿ' ಅಂದ ಹಾಗೆ. ಲಿವೋರ್ನೋ ಅಂದರೆ ಫ್ಲಾರೆನ್ಸ್ ಅನ್ನುತ್ತಾರೆ, ಅದು ಇನ್ನೂ ದೂರ. ಇದು ಗೊತ್ತಾಗದೆ ಹೋದರೆ ಹಿರಿಯರ ಪಾಡು ಅಷ್ಟೇ.

ನಮ್ಮ ಟ್ರಾವೆಲ್ಸ್‌ನವರು ರೋಮ್‌ಗೆ ಪ್ರೈವೇಟ್ ವ್ಯಾನ್ ಹಾಕಿದ್ದರು, ಒಂದೇ ದಿನ ಒಂಬತ್ತು ಜಾಗ. ಪಟ್ಟಿ ನೋಡಿ ಅಮ್ಮನೇ 'ಇದು ಟೂರಾ, ಎಲೆಕ್ಷನ್ ಪ್ರಚಾರಾನಾ?' ಅಂದಳು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದು ಇದೆ. ಹಡಗಿನವರದ್ದೇ ಟೂರ್ ತೆಗೆದುಕೊಂಡು ಅದು ತಡವಾದರೆ ಹಡಗು ಕಾಯುತ್ತದೆ. ನಮ್ಮದೇ ವ್ಯಾನ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಾವೇ ದುಡ್ಡು ಹಾಕಿಕೊಂಡು ಹೋಗಬೇಕು. ವ್ಯಾನ್ ಕ್ಯಾನ್ಸಲ್ ಮಾಡಿಸಿ ಹಡಗಿನವರ ಬಸ್ಸಿಗೆ ಸೇರಿಸಿದೆ, ಸೇಂಟ್ ಪೀಟರ್ಸ್ ಚರ್ಚ್ ಮಾತ್ರ. ಅಲ್ಲಿ ಭುಜ, ಮಂಡಿ ಮುಚ್ಚಿರಬೇಕು. ಸೀರೆಯವರಿಗೆ ಚಿಂತೆಯೇ ಇಲ್ಲ. ನಾನು ಚಡ್ಡಿ ಹಾಕಿಕೊಂಡು ಹೊರಟಿದ್ದೆ, ಅತ್ತೆ ಬೈದು ಪ್ಯಾಂಟ್ ಹಾಕಿಸಿದರು. ಒಂದೇ ಜಾಗ ಆದರೂ ರೋಮಿನ ಉಬ್ಬುತಗ್ಗು ಕಲ್ಲಿನ ರಸ್ತೆಯಲ್ಲಿ ನಡೆದು ಅಮ್ಮನ ಮಂಡಿ ರಾತ್ರಿ ಊದಿಕೊಂಡಿತು. ಒಂಬತ್ತು ಜಾಗ ಹೋಗಿದ್ದರೆ?

ಅದಕ್ಕೇ ನೇಪಲ್ಸ್‌ನಲ್ಲಿ ಪಾಂಪೇ ಬಿಟ್ಟೆವು. ಕ್ರಿ.ಶ. 79ರಲ್ಲಿ ಬೂದಿಯಲ್ಲಿ ಮುಚ್ಚಿಹೋದ ಊರು, ನನಗೆ ತುಂಬಾ ಆಸೆ ಇತ್ತು. ಆದರೆ ಅಲ್ಲಿನ ಬೀದಿ ಎಲ್ಲಾ ಆ ಕಾಲದ ಚಪ್ಪಡಿ ಕಲ್ಲು. ಊರನ್ನು ಮುಚ್ಚಿದ ವೆಸೂವಿಯಸ್ ಬೆಟ್ಟ ಡೆಕ್ ಮೇಲಿಂದಲೇ ಕಾಣುತ್ತದೆ. ನೇಪಲ್ಸ್ ಬಂದರು ಊರಿನ ಮಧ್ಯೆಯೇ ಇದೆ, ಹಡಗಿನಿಂದ ಇಳಿದರೆ ಎದುರಿಗೇ ಕೋಟೆ. ಅಪ್ಪ ಕೋಟೆ ನೋಡಿದರು, ಪಿಜ್ಜಾ ತಿಂದರು, ವಾಪಸ್ ಬಂದು ಮಲಗಿದರು. ಇಡೀ ಪ್ರವಾಸದಲ್ಲಿ ಅವರು ಹೊಗಳಿದ ದಿನ ಅದೊಂದೇ. ಮಾರ್ಸೇಯಲ್ಲಿ ಹಳೇ ಬಂದರಿನ ಹತ್ತಿರದಿಂದ ಒಂದು ಪುಟಾಣಿ ಟೂರಿಸ್ಟ್ ರೈಲು ಗುಡ್ಡದ ಮೇಲಿನ ಚರ್ಚಿನವರೆಗೂ ಹೋಗುತ್ತದೆ, ಮಂಡಿಗೆ ಕೆಲಸವಿಲ್ಲ. ಪೀಸಾದ ವಾಲಿದ ಗೋಪುರ ಲಿವೋರ್ನೋದಿಂದ ಹತ್ತಿರ. ಹತ್ತದೆ ಹುಲ್ಲಿನ ಪಕ್ಕ ಕೂತು ನೋಡಿದರೆ ಸಾಕು.

ಇಲ್ಲಿ ಟ್ರಾವೆಲ್ಸ್‌ನವರ ಇನ್ನೊಂದು ಒಳ್ಳೆ ಕೆಲಸ ಹೇಳಬೇಕು. ಏರ್‌ಲೈನ್ಸ್‌ಗೆ ಮೊದಲೇ ಹೇಳಿ ಮೂವರಿಗೂ ವೀಲ್‌ಚೇರ್ ಹಾಕಿಸಿದ್ದರು, ಅದಕ್ಕೆ ದುಡ್ಡಿಲ್ಲ. ಅಪ್ಪ ದೇವನಹಳ್ಳಿಯಲ್ಲಿ 'ನನಗೇನು ಕಾಲು ಬಿದ್ದುಹೋಗಿದೆಯಾ?' ಅಂತ ಸಿಟ್ಟಾದರು. ಇಮಿಗ್ರೇಷನ್ ಉದ್ದ ಕ್ಯೂ ದಾಟಿ ಅಮ್ಮ, ಅತ್ತೆ ರಾಣಿಯರ ಹಾಗೆ ಮುಂದೆ ಹೋಗಿದ್ದು ನೋಡಿದ ಮೇಲೆ ವಿಮಾನ ಬದಲಿಸುವಾಗ ದೋಹಾದಲ್ಲಿ ತಾವೇ ಕೇಳಿ ಕೂತರು. ಆದರೆ ಹಡಗಿನಲ್ಲಿ ವೀಲ್‌ಚೇರ್ ತುರ್ತಿಗೆ ಮಾತ್ರ, ಓಡಾಡಲು ಬೇಕಾದರೆ ನಮ್ಮದೇ ಒಯ್ಯಬೇಕು. ಇದನ್ನು ಇವರು ಹೇಳಲಿಲ್ಲ. ವಿಮಾನ ಹಡಗಿನ ಹಿಂದಿನ ದಿನವೇ ಬಾರ್ಸಿಲೋನಾ ಮುಟ್ಟುವ ಹಾಗೆ ಹಾಕಿದ್ದರು, ಶಭಾಷ್. ಆ ಸಂಜೆ ಸಗ್ರಾಡಾ ಫಮಿಲಿಯಾ ಚರ್ಚ್ ನೋಡಿದೆವು. 1882ರಲ್ಲಿ ಶುರುವಾದ ಕಟ್ಟಡ, ಇನ್ನೂ ಕ್ರೇನ್ ನಿಂತಿದೆ. ಅಪ್ಪ 'ನಮ್ಮ ಬೀದಿ ಚರಂಡಿ ಕಂಟ್ರಾಕ್ಟರ್ ಇಲ್ಲಿಯವನೇ ಇರಬೇಕು' ಅಂದರು.

ಊಟ. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ಬಿಡುವುದಿಲ್ಲ, ಸೀಲ್ ಆದ ಪ್ಯಾಕೆಟ್ ಬಿಡುತ್ತಾರೆ. ತುಪ್ಪ, ಪೇಡಾ ಅಂತ ಹಾಲಿನ ಪದಾರ್ಥವನ್ನು ಯೂರೋಪಿಗೇ ತರುವ ಹಾಗಿಲ್ಲ. ಇದು ಗೊತ್ತಾಗಿದ್ದು ಹೊರಡುವ ಹಿಂದಿನ ರಾತ್ರಿ, ಅಷ್ಟರಲ್ಲಿ ಅಮ್ಮ ಎರಡು ಡಬ್ಬ ಚಕ್ಕುಲಿ ಸುಟ್ಟು ಆಗಿತ್ತು. ಒಂದು ಡಬ್ಬ ಮನೆಯಲ್ಲೇ ಉಳಿಯಿತು, ಇನ್ನೊಂದನ್ನು ಬಾರ್ಸಿಲೋನಾ ಹೋಟೆಲ್ ರೂಮಿನಲ್ಲಿ ಐದು ಜನ ಕೂತು ರಾತ್ರಿ ಮುಗಿಸಿದೆವು, ಎರಡು ದಿನ ಹೊಟ್ಟೆ ಉಬ್ಬರ. ಕೆಟಲ್ ಕೂಡ ಬಿಡುವುದಿಲ್ಲ, ಬೆಂಕಿ ಭಯ. ಹೆದರಬೇಡಿ, ಬಫೆಯಲ್ಲಿ ಅನ್ನ ಇದೆ, ಮೊಸರು ಇದೆ. ಬಿಸಿನೀರೂ ಸಿಗುತ್ತದೆ, ಪ್ಯಾಕೆಟ್ ಹುರಿಹಿಟ್ಟು ಕಲಸಿಕೊಂಡು ಅಪ್ಪ ಬೆಳಗಿನ ಹೊಟ್ಟೆ ತುಂಬಿಸಿದರು. ರಾತ್ರಿ ಡೈನಿಂಗ್ ರೂಮಿನಲ್ಲಿ ಹಿಂದಿನ ದಿನವೇ ಹೇಳಿದರೆ ಇಂಡಿಯನ್ ವೆಜ್ ಮಾಡಿ ಕೊಟ್ಟರು, ಖಾರ ಮಾತ್ರ ಹೆಸರಿಗೆ.

ಪಾಲ್ಮಾದಿಂದ ಮಾರ್ಸೇಗೆ ಹೋಗುವ ರಾತ್ರಿ ಹಡಗು ಸ್ವಲ್ಪ ಅಲ್ಲಾಡಿತು. ಆ ಕಡೆ ಮಿಸ್ಟ್ರಾಲ್ ಅನ್ನುವ ಗಾಳಿ ಬೀಸುತ್ತದೆ. ಅತ್ತೆ ಬಫೆಯಿಂದ ಅರ್ಧ ನಿಂಬೆಹಣ್ಣು ತಂದು ಮೂಗಿಗೆ ಹಿಡಿದುಕೊಂಡರು, ದೇವರಾಯನದುರ್ಗದ ತಿರುವಿನಲ್ಲಿ ಮಾಡುವ ಹಾಗೇ. ವಾಂತಿ ಆಗಲಿಲ್ಲ. ಸಮುದ್ರದ ಮಧ್ಯೆ ಫೋನ್ ಫ್ಲೈಟ್ ಮೋಡ್‌ನಲ್ಲಿಡಿ, ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡಿ ನಿಮಗೇ ವಾಂತಿ ಬರುತ್ತದೆ.

ದುಡ್ಡು: ತಲೆಗೆ ಸುಮಾರು 2.5 ಲಕ್ಷ ಆಯಿತು, ವಿಮಾನ, ವೀಸಾ ಸೇರಿ. ಇವರ ಕೊಟೇಷನ್‌ನಲ್ಲಿ ಟಿಪ್ಸ್ ಇರಲಿಲ್ಲ. ಹಡಗಿನವರು ತಲೆಗೆ ದಿನಕ್ಕೆ ಹತ್ತು ಯೂರೋ ಮೇಲೆ ಅಕೌಂಟ್‌ಗೆ ಹಾಕುತ್ತಾರೆ, ಐದು ಜನಕ್ಕೆ ಏಳು ದಿನ ಲೆಕ್ಕ ಹಾಕಿ ನೋಡಿ. ಟಿಸಿಎಸ್ (ಫಾರಿನ್ ಟೂರ್ ಬಿಲ್ ಮೇಲೆ ಮೊದಲೇ ವಸೂಲಿ ಮಾಡುವ ತೆರಿಗೆ) ಅಂತ ತೆಗೆದುಕೊಂಡದ್ದನ್ನು ಐಟಿ ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಸರ್ಟಿಫಿಕೇಟ್ ಮರೆಯದೆ ಇಸಕೊಳ್ಳಿ. ನಮಗೆ ಮೂರು ಸಲ ಫೋನ್ ಮಾಡಿದ ಮೇಲೆ ಬಂತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ವೀಸಾ, ವಿಮಾನ ಇವರಿಗೆ ಬಿಡಿ. ಕ್ಯಾಬಿನ್ ನಂಬರ್, ಇನ್ಶೂರೆನ್ಸ್, ದಡದ ಟೂರ್ ಮೂರನ್ನೂ ನೀವೇ ಕೂತು ನೋಡಿ. ಭಾನುವಾರ ಆಫೀಸ್ ರಜಾ. ಇನ್ನೊಂದು, ಆಫೀಸಿಗೆ ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಮೊದಲೇ ಫೋನ್ ಮಾಡಿ. ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ. ಆ ಹುಡುಗ ಫಾರಂ ಹಿಡಿದುಕೊಂಡು ಕೆಳಗೆ ಜೆರಾಕ್ಸ್ ಅಂಗಡಿಗೇ ಬರುತ್ತಾನೆ.