ಹಾರ್ನಾ, ಜಾಝ್ ಪಿಯಾನೊನಾ? ಶಿವಮೊಗ್ಗದ ಹವ್ಯಾಸಿಯೊಬ್ಬನ ಲೆಕ್ಕ

ಸಂಜೆ ಕೆಲಸ ಮುಗಿದ ಮೇಲೆ ನನಗೆ ಸಿಗುವುದು ಒಂದು ಗಂಟೆ. ಅದಕ್ಕೆ ಮನೆಯಲ್ಲಿ ಇಬ್ಬರು ಹಕ್ಕುದಾರರು: ಫ್ರೆಂಚ್ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ಕೊಳವೆಯ ಊದುವ ವಾದ್ಯ) ಮತ್ತು ಪಿಯಾನೊ. ಹಾರ್ನ್‌ನಲ್ಲಿ ಆರ್ಕೆಸ್ಟ್ರಾ ಸಂಗೀತ, ಪಿಯಾನೊದಲ್ಲಿ ಜಾಝ್. ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನದ್ದಲ್ಲ, ಪಿಟೀಲು, ಚೆಲ್ಲೊಗಳು ಸಾಲಾಗಿ ಕೂರುವ ಪಾಶ್ಚಾತ್ಯ ಮೇಳ. ಎರಡನ್ನೂ ವರ್ಷಗಟ್ಟಲೆ ಇಲ್ಲೇ ಇಟ್ಟುಕೊಂಡು ನೋಡಿದ್ದೇನೆ. ಯಾವುದು ಒಳ್ಳೇದು ಅಂತ ಕೇಳಿದರೆ, ನಮ್ಮ ಊರಿನ ಮಟ್ಟಿಗೆ ಪಿಯಾನೊ. ಆದರೆ ನನ್ನ ಕಿವಿ ತಿದ್ದಿದ್ದು ಹಾರ್ನ್.

ಪಿಯಾನೊಗೆ ಬೇಕಾಗುವುದು ಬೆರಳು. ಒಂದು ವಾರ ಮುಟ್ಟದಿದ್ದರೂ ಸ್ವಲ್ಪ ಹೊತ್ತಿಗೆ ಕೈ ಕುದುರುತ್ತದೆ. ಹಾರ್ನ್‌ನದ್ದು ತುಟಿಯ ವ್ಯವಹಾರ. ವಾರ ಬಿಟ್ಟರೆ ಮೇಲಿನ ಸ್ವರಗಳು ನಾಪತ್ತೆ. ಎಫ್ ಶ್ರುತಿಯ ಹಾರ್ನ್‌ನ ಸುರುಳಿ ಬಿಚ್ಚಿ ನೆಟ್ಟಗೆ ಮಾಡಿದರೆ ಕೊಳವೆ 12 ಅಡಿಗೂ ಜಾಸ್ತಿ. ಅಷ್ಟು ಉದ್ದದ ಕೊಳವೆಯಲ್ಲಿ ಮೇಲೆ ಹೋದಂತೆ ಸ್ವರಗಳು ಒಂದಕ್ಕೊಂದು ತೀರಾ ಹತ್ತಿರ ಬರುತ್ತವೆ. ಎಡಗೈಯ ವಾಲ್ವ್ (ಕೊಳವೆಯ ಉದ್ದ ಬದಲಿಸುವ ಕೀಲಿ) ಸರಿಯಾಗಿಯೇ ಒತ್ತಿದ್ದರೂ ತುಟಿಯ ಬಿಗಿ ಒಂಚೂರು ಆಚೀಚೆ ಆದರೆ ಪಕ್ಕದ ಸ್ವರ ಹೊರಗೆ ಬರುತ್ತದೆ. ದೊಡ್ಡ ದೊಡ್ಡ ಮೇಳಗಳಲ್ಲೂ ಹಾರ್ನ್ ಸ್ವರ ಒಡೆಯುವುದು ಇದಕ್ಕೇ. ಪಾಪ, ಊದುವವರನ್ನು ಬೈಯಬೇಡಿ.

ಇನ್ನು ಮಳೆಗಾಲ. ಇಲ್ಲಿ ಪಿಯಾನೊ ಅಂದರೆ ಯಾವ ಪಿಯಾನೊ ಅನ್ನುವುದು ಮುಖ್ಯ. ತೀರ್ಥಹಳ್ಳಿ ಕಡೆ ಪರಿಚಯದವರ ಮನೆಯಲ್ಲಿ ಮರದ ಅಪ್‌ರೈಟ್, ಅಂದರೆ ತಂತಿಗಳು ನೆಟ್ಟಗೆ ನಿಂತಿರುವ ಪಿಯಾನೊ, ಇದೆ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಜೂನ್ ಬಂತೆಂದರೆ ಆ ಪಿಯಾನೊದ ಸೌಂಡ್‌ಬೋರ್ಡ್ (ನಾದ ಹೆಚ್ಚಿಸುವ ಮರದ ಹಲಗೆ) ತೇವ ಕುಡಿದು ಉಬ್ಬುತ್ತದೆ. ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಏರುವುದಿಲ್ಲ, ಅದೇ ತಲೆನೋವು. ಒತ್ತಿದ ಮನೆ (ಕೀ) ಕೆಲವು ಸಲ ಮೇಲೆ ಬರುವುದೇ ಇಲ್ಲ. ಬೇಸಿಗೆಯ ಒಣ ಗಾಳಿಗೆ ಶ್ರುತಿ ಮತ್ತೆ ಕೆಳಗೆ ಇಳಿಯುತ್ತದೆ. ಇನ್ನೂರಕ್ಕೂ ಜಾಸ್ತಿ ತಂತಿ ಶ್ರುತಿ ಮಾಡಲು ಬೆಂಗಳೂರಿನಿಂದ ಜನ ಬರಬೇಕು. ನಾದದಲ್ಲಿ ಮಾತ್ರ ಅದರ ಮುಂದೆ ನನ್ನ ಡಿಜಿಟಲ್ ಪಿಯಾನೊ ಸಪ್ಪೆ, ಸುಳ್ಳು ಹೇಳಬಾರದು. ಆದರೂ ಮಲೆನಾಡಿಗೆ ನಾನು ಡಿಜಿಟಲ್ಲನ್ನೇ ಹೇಳುತ್ತೇನೆ. 88 ಮನೆ ಇರಲಿ, ಒತ್ತಿದರೆ ಬೆರಳಿಗೆ ಭಾರ ಸಿಗಲಿ. ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಆರಾಮಾಗಿ ನಡೆಯುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ.

ಹಾರ್ನ್‌ಗೆ ಕರೆಂಟ್ ಬೇಡ, ಗುಡುಗಿನ ಹೆದರಿಕೆಯೂ ಇಲ್ಲ. ಅದಕ್ಕೆ ಇರುವ ಕಾಟ ಬೂಷ್ಟು. ಪೆಟ್ಟಿಗೆಯ ಒಳಗಿನ ಬಟ್ಟೆಗೆ ಆಷಾಢ ಮುಗಿಯುವುದರೊಳಗೆ ಹಿಡಿದಿರುತ್ತದೆ. ಊದಿದ ಮೇಲೆ ಸ್ಲೈಡ್ (ಎಳೆದು ತೆಗೆಯುವ ಕೊಳವೆ ತುಂಡು) ಕಳಚಿ ನೀರು ಚೆಲ್ಲಬೇಕು, ವಾಲ್ವ್‌ಗೆ ಎಣ್ಣೆ, ಸ್ಲೈಡ್‌ಗೆ ಗ್ರೀಸ್. ಸೋಮಾರಿತನ ಮಾಡಿದರೆ ಸ್ಲೈಡ್ ಕಚ್ಚಿಕೊಂಡು ಕೂರುತ್ತದೆ.

ಕಿವಿ ತಿದ್ದಿದ್ದು ಹಾರ್ನ್ ಅಂದೆನಲ್ಲ, ಸಂಗೀತ ಕಲಿತವರಿಗೆ ಇದು ಬೇಗ ಹಿಡಿಸುತ್ತದೆ. ತಂಬೂರಿ ಚೆನ್ನಾಗಿ ಶ್ರುತಿಯಾದಾಗ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ, ಅಲ್ವಾ? ಅದು ಮಂದ್ರ ಷಡ್ಜದ ಐದನೇ ಸಹಸ್ವರ, ಅಂದರೆ ಮೂಲ ಸ್ವರದ ಐದು ಪಟ್ಟು ಕಂಪನದ ಸ್ವರ. ಹಾರ್ನ್‌ನಲ್ಲಿ ವಾಲ್ವ್ ಒತ್ತದೆ ಊದಿದರೆ ಸಿಗುವುದೂ ಇದೇ ಸಹಸ್ವರಗಳ ಸಾಲು. ಐದನೆಯದು ತಂಬೂರಿಯ ಗಾಂಧಾರವೇ. ಹನ್ನೊಂದನೆಯದು ಮಾತ್ರ ತರ್ಲೆ: ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ, ನಡುವೆ ಎಲ್ಲೋ ನಿಲ್ಲುತ್ತದೆ. ಪಿಯಾನೊದಲ್ಲಿ ಹನ್ನೆರಡು ಸ್ವರಸ್ಥಾನಗಳನ್ನೂ ಸಮ ಅಂತರದಲ್ಲಿ ಇಟ್ಟಿರುವುದರಿಂದ ಅದರ ಗಾಂಧಾರ ತಂಬೂರಿಯದಕ್ಕಿಂತ ಸುಮಾರು 14 ಸೆಂಟ್ಸ್ ಮೇಲಿದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ಸ್ ಅಂತ ಲೆಕ್ಕ. ಪಿಯಾನೊದಲ್ಲಿ ಇದನ್ನು ಸರಿ ಮಾಡಲು ನಮ್ಮ ಕೈಲಿ ಏನೂ ಇಲ್ಲ. ಊದುವಾಗ ಬಲಗೈ ಹಾರ್ನ್‌ನ ಅಗಲ ಬಾಯಿಯ ಒಳಗೇ ಇರುತ್ತದೆ, ಅಂಗೈ ಸ್ವಲ್ಪ ಮುಚ್ಚಿದರೆ ಶ್ರುತಿ ಇಳಿಯುತ್ತದೆ. ಪ್ರತಿ ಸ್ವರವನ್ನೂ ಕೇಳಿಯೇ ಇಡಬೇಕು.

ನೆರೆಹೊರೆಯ ವಿಷಯದಲ್ಲಿ ಸ್ಪರ್ಧೆಯೇ ಇಲ್ಲ, ಪಿಯಾನೊಗೆ ಹೆಡ್‌ಫೋನ್ ಸಿಕ್ಕಿಸಿದರೆ ಮುಗೀತು. ಹಾರ್ನ್‌ಗೂ ಪ್ರಾಕ್ಟೀಸ್ ಮ್ಯೂಟ್ ಬರುತ್ತದೆ. ಸದ್ದು ಅಡಗುತ್ತದೆ, ಆದರೆ ಉಸಿರಿಗೆ ಅಡ್ಡ ಬಂದಂತಾಗಿ ಅಭ್ಯಾಸವೇ ಕೆಡುತ್ತದೆ. ನನಗೆ ಅದು ಇಷ್ಟವಿಲ್ಲ. ಅಡಿಕೆ ತೋಟದಲ್ಲಿ ನಿಂತು ಊದಿದರೆ ಇನ್ನೂ ಬೇಜಾರು. ಹಾರ್ನ್‌ನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ನಾದ ಗೋಡೆಗೆ ಬಡಿದು ಮುಂದೆ ಬರಬೇಕು. ತೋಟದಲ್ಲಿ ಗೋಡೆ ಎಲ್ಲಿದೆ? ಪಂಪ್‌ಹೌಸಿನ ಜಂಬಿಟ್ಟಿಗೆ ಗೋಡೆಗೆ ಬೆನ್ನು ಮಾಡಿ ನಿಂತಾಗಲೇ ಅದು ಹಾರ್ನ್ ಅನ್ನಿಸುವುದು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಜೊತೆಗಾರರದ್ದು. ಹಾರ್ನ್‌ಗೆ ಬರೆದ ಸಂಗೀತದಲ್ಲಿ ಅರ್ಧ ಪಾಲು ಸುಮ್ನೆ ಕೂತು ತಾಳ ಎಣಿಸುವುದೇ. ಸುತ್ತ ಮೇಳ ಇಲ್ಲದಿದ್ದರೆ ಆ ಎಣಿಕೆಗೆ ಅರ್ಥವಿಲ್ಲ. ಮೇಳ ಬೇಕೆಂದರೆ ಸುಮಾರು 300 ಕಿಲೋಮೀಟರ್ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕು. ಜಾಝ್ ಹಾಗಲ್ಲ. ಎಡಗೈಯಲ್ಲಿ ಗಾಂಧಾರ, ನಿಷಾದ ಎರಡೇ ಹಿಡಿದರೂ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ಗುರುತು ಸಿಗುತ್ತದೆ, ಬಲಗೈ ಮನೋಧರ್ಮಕ್ಕೆ ಖಾಲಿ. ಶಿವಮೊಗ್ಗದಲ್ಲಿ ಮೃದಂಗ ನುಡಿಸುವವರಿಗೆ ಬರವಿಲ್ಲ. ಜಾಝ್‌ನಲ್ಲಿ ಬಳಕೆಯಲ್ಲಿರುವ, ಬಾರ್‌ಗೆ ನಾಲ್ಕು ಎಣಿಕೆಯ ಹನ್ನೆರಡು ಬಾರ್‌ನ ಬ್ಲೂಸ್ ಅಂದರೆ ಆದಿತಾಳದಲ್ಲಿ ಸರಿಯಾಗಿ ಆರು ಆವರ್ತನ. ಜಾಝ್‌ನ ತೂಗಾಡುವ ಸ್ವಿಂಗ್ ನಡೆ ತಿಶ್ರಕ್ಕೆ (ಎಣಿಕೆಗೆ ಮೂರು ಭಾಗ) ಹತ್ತಿರ. ಇಷ್ಟು ಹೇಳಿದ್ದಕ್ಕೇ ಗೆಳೆಯನೊಬ್ಬ ಅದೇ ಸಂಜೆ ಜೊತೆ ಕೊಟ್ಟ. ಕೊನೆಯಲ್ಲಿ ಮೃದಂಗದ ಮುಕ್ತಾಯ (ಮೂರು ಸಲ ನುಡಿಸಿ ಮುಗಿಸುವ ಜತಿ) ಇಟ್ಟೇ ನಿಲ್ಲಿಸುತ್ತಾನೆ, ಬೇಡ ಅಂದರೂ ಕೇಳುವುದಿಲ್ಲ.

ಹಾಗಾಗಿ ಹೊಸಬರು ಮೊದಲು ಡಿಜಿಟಲ್ ಪಿಯಾನೊ ಕೊಳ್ಳಿ. ಬೆಂಗಳೂರಿಗೆ ಆಗಾಗ ಹೋಗಿ ಬರುವವರು ಮಾತ್ರ ಹಾರ್ನ್ ಯೋಚಿಸಿ. ಕೊಂಡರೆ ಎಫ್ ಮತ್ತು ಬಿ-ಫ್ಲ್ಯಾಟ್ ಎರಡೂ ಶ್ರುತಿಯ ಕೊಳವೆ ಇರುವ ಡಬಲ್ ಹಾರ್ನ್ ಕೊಳ್ಳಿ, ಬೆಲೆ ಜಾಸ್ತಿಯಾದರೂ ಪರವಾಗಿಲ್ಲ.

ಹಾರ್ನ್‌ನಲ್ಲೇ ಜಾಝ್ ಊದಬಾರದಾ ಅಂತ ಕೇಳಬಹುದು. ಊದಬಹುದು. 1948ರಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಕಟ್ಟಿದ ಒಂಬತ್ತು ಜನರ ತಂಡದಲ್ಲಿ ಹಾರ್ನ್ ಇತ್ತು. 1950ರ ದಶಕದಲ್ಲಿ ಹಾರ್ನ್ ವಾದಕ ಜೂಲಿಯಸ್ ವಾಟ್ಕಿನ್ಸ್ ಅದರಲ್ಲಿ ಸೋಲೊ ನುಡಿಸುತ್ತಿದ್ದರು, ಅದೂ ಒಳ್ಳೇ ವೇಗದಲ್ಲಿ. ನಾನು ನಿಧಾನದ ಬ್ಲೂಸ್ ದಾಟಿ ಮುಂದೆ ಹೋಗಿಲ್ಲ. ಅದನ್ನೂ ಬಿ-ಫ್ಲ್ಯಾಟ್ ಕಡೆಯಲ್ಲೇ ಊದುತ್ತೇನೆ. ಕೊಳವೆ ಗಿಡ್ಡ, ಸ್ವರಗಳ ನಡುವೆ ಜಾಗ ಜಾಸ್ತಿ, ಒಡೆಯುವ ಭಯ ಕಡಿಮೆ.